ಶೆಲ್ಟರ್ ಮಕ್ಕಳ ಜೊತೆ ವಾರಕ್ಕೊಂದು ಸಂಜೆ: ಮೊದಲ ಸಲ ಹೋಗುವ ವಿದ್ಯಾರ್ಥಿಗಳಿಗೆ

ಬೆಂಗಳೂರಿನ ಒಂದು ಶೆಲ್ಟರ್‌ನಲ್ಲಿ ಎರಡು ವರ್ಷ, ಶನಿವಾರ ಸಂಜೆ ಐದೂವರೆಯಿಂದ ಏಳರವರೆಗೆ ನಾನು ಮಕ್ಕಳ ಜೊತೆ ಕೂತಿದ್ದೇನೆ. ಮನೆ ಇಲ್ಲದ ಕುಟುಂಬಗಳು ಇರುವ ಜಾಗ ಅದು. ಬೋರ್ಡಿನ ಮೇಲೆ ‘ನಗರ ವಸತಿರಹಿತರ ಆಶ್ರಯ ಕೇಂದ್ರ’ ಅಂತ ಇದೆ. ಅಲ್ಲಿರುವವರು, ನಡೆಸುವವರು ಎಲ್ಲರೂ ಕರೆಯೋದು ಶೆಲ್ಟರ್ ಅಂತಲೇ. ನಾನು ಸೇರಿದಾಗ ಇಂಜಿನಿಯರಿಂಗ್ ಮೂರನೇ ಸೆಮಿಸ್ಟರ್. ಈಗ ಜೂನಿಯರ್‌ಗಳು ‘ಅಕ್ಕ, ನಾವೂ ಹೋಗಬಹುದಾ? ಹೋದರೆ ಏನು ಮಾಡಬೇಕು?’ ಅಂತ ಕೇಳುತ್ತಾರೆ. ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆದಿದ್ದೇನೆ.

1. ಮೊದಲು ನಿಮ್ಮ ಕ್ಯಾಲೆಂಡರ್ ನೋಡಿ

ವಿಟಿಯು (ನಮ್ಮ ಇಂಜಿನಿಯರಿಂಗ್ ಕಾಲೇಜುಗಳ ವಿಶ್ವವಿದ್ಯಾಲಯ) ವಿದ್ಯಾರ್ಥಿಗಳಿಗೆ ಡಿಗ್ರಿ ಮುಗಿಯುವಷ್ಟರಲ್ಲಿ 100 ಆ್ಯಕ್ಟಿವಿಟಿ ಪಾಯಿಂಟ್, ಅಂದರೆ ಸಮಾಜಸೇವೆಯಂಥ ಕೆಲಸಕ್ಕೆ ಸಿಗುವ ಅಂಕ, ಬೇಕು. ಎನ್‌ಎಸ್‌ಎಸ್‌ನಲ್ಲಿದ್ದರೆ ಎರಡು ವರ್ಷಕ್ಕೆ 240 ಗಂಟೆ ಸೇವೆ ಮಾಡಬೇಕು. ಶೆಲ್ಟರ್‌ಗೆ ಬರುವ ಬಹಳ ವಿದ್ಯಾರ್ಥಿಗಳು ಈ ಲೆಕ್ಕದಿಂದಲೇ ಬರುತ್ತಾರೆ, ನಾನೂ ಹಾಗೇ ಬಂದೆ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ನಿಮ್ಮ ಪಾಯಿಂಟ್ ಯಾವತ್ತು ತುಂಬಿತು ಅನ್ನೋದು ಮಗುವಿಗೆ ಗೊತ್ತಿರೋದಿಲ್ಲ. ಅದು ಮುಂದಿನ ಶನಿವಾರವೂ ಬಾಗಿಲು ನೋಡುತ್ತಾ ಕೂರುತ್ತದೆ.

ಆದ್ದರಿಂದ ಇಂಟರ್ನಲ್ಸ್, ಲ್ಯಾಬ್ ಎಕ್ಸಾಮ್, ಸೆಮಿಸ್ಟರ್ ಪರೀಕ್ಷೆ, ಊರಿಗೆ ಹೋಗುವ ಹಬ್ಬಗಳು, ಎಲ್ಲವನ್ನೂ ಕ್ಯಾಲೆಂಡರ್‌ನಲ್ಲಿ ಹೊಡೆದುಹಾಕಿ. ಎಷ್ಟು ಶನಿವಾರ ಉಳಿಯಿತು? ಹತ್ತು ಉಳಿದರೆ ಹತ್ತೇ ಹೇಳಿ. ‘ಪ್ರತಿ ವಾರ ಬರ್ತೀನಿ’ ಅಂತ ಉತ್ಸಾಹದಲ್ಲಿ ಹೇಳಿಬಿಡಬೇಡಿ.

ಇದನ್ನು ನನಗೆ ಕಲಿಸಿದ್ದು ಒಂದು ಹಾಜರಿ ಪುಸ್ತಕ. ಎರಡನೇ ವಾರ ಉದ್ದನೆಯ ನೋಟ್‌ಬುಕ್ ತಗೊಂಡು ಹೋಗಿ ಮಕ್ಕಳ ಹೆಸರು ಬರೆದುಕೊಂಡೆ. ಒಂಬತ್ತು ವರ್ಷದ ಒಬ್ಬಳು ಹುಡುಗಿ ಪೂರ್ತಿ ಪಟ್ಟಿ ನೋಡಿ ‘ಅಕ್ಕ, ನಿನ್ನ ಹೆಸರು ಎಲ್ಲೈತಿ?’ ಅಂದಳು. ಪೆನ್ಸಿಲ್ ಇಸ್ಕೊಂಡು ಕೊನೆಯ ಸಾಲಿನಲ್ಲಿ ತಾನೇ ಬರೆದಳು. ಪುಸ್ತಕ ಅಲ್ಲಿನ ಬೀರುವಿನಲ್ಲೇ ಉಳಿಯಿತು. ಆಮೇಲೆ ಇಂಟರ್ನಲ್ಸ್ ಬಂತು. ಯಾರಿಗೂ ಹೇಳದೆ ಎರಡು ಶನಿವಾರ ತಪ್ಪಿಸಿದೆ. ಮೂರನೇ ವಾರ ಪುಸ್ತಕ ತೆಗೆದರೆ ಆ ಎರಡೂ ದಿನ ಹಾಜರಿ ಹಾಕಿತ್ತು! ಅವರೇ ಐದೂವರೆಗೆ ಚಾಪೆ ಹಾಸಿ, ಹೆಸರು ಕರೆದು, ಟಿಕ್ ಹಾಕಿಕೊಂಡಿದ್ದರು. ಹದಿಮೂರು ಮಕ್ಕಳೂ ಬಂದಿದ್ದರು. ನನ್ನ ಹೆಸರಿನ ಮುಂದೆ ಮಾತ್ರ ಎರಡು ಅಡ್ಡ ಗೀಟು.

ಯಾರೂ ಕೋಪ ಮಾಡಿಕೊಳ್ಳಲಿಲ್ಲ, ‘ಯಾಕೆ ಬರಲಿಲ್ಲ’ ಅಂತ ಕೂಡ ಕೇಳಲಿಲ್ಲ. ನನಗೆ ನೋವಾಗಿದ್ದು ಅದೇ. ಹೇಳದೆ ಹೋಗಿಬಿಡುವ ದೊಡ್ಡವರು ಆ ಮಕ್ಕಳಿಗೆ ಹೊಸಬರಲ್ಲ. ಅಂದಿನಿಂದ ಬರಲಾಗದ ವಾರ ಇದ್ದರೆ ಹಿಂದಿನ ವಾರವೇ ಹೇಳುತ್ತಿದ್ದೆ. ದಿಢೀರ್ ಜ್ವರ ಬಂದರೆ ಕೇರ್‌ಟೇಕರ್‌ಗೆ ಫೋನ್ ಮಾಡಿ, ಮಕ್ಕಳ ಹತ್ತಿರವೇ ಮಾತಾಡುತ್ತಿದ್ದೆ. ಈ ಲೇಖನದಲ್ಲಿ ಉಳಿದಿದ್ದೆಲ್ಲ ಮರೆತರೂ ಇದೊಂದನ್ನು ಇಟ್ಟುಕೊಳ್ಳಿ.

2. ಯಾವ ಶೆಲ್ಟರ್, ಯಾರನ್ನು ಕೇಳಬೇಕು?

ನಗರಗಳಲ್ಲಿರುವ ಶೆಲ್ಟರ್‌ಗಳಲ್ಲಿ ಗಂಡಸರದ್ದು, ಹೆಂಗಸರದ್ದು, ಕುಟುಂಬಗಳದ್ದು ಅಂತ ಬೇರೆ ಬೇರೆ ಇವೆ. ಸಾಮಾನ್ಯವಾಗಿ ಕಟ್ಟಡ ಪಾಲಿಕೆಯದ್ದು, ನಡೆಸುವುದು ಯಾವುದಾದರೂ ಸ್ವಯಂಸೇವಾ ಸಂಸ್ಥೆ. ಒಬ್ಬ ಮ್ಯಾನೇಜರ್, ಶಿಫ್ಟ್ ಮೇಲೆ ಕೇರ್‌ಟೇಕರ್‌ಗಳು ಇರುತ್ತಾರೆ. ನೀವು ಕೇಳಬೇಕಾದ್ದು ಸಂಸ್ಥೆಯನ್ನು. ಪಾಲಿಕೆ ಕಚೇರಿಯಲ್ಲಿ ವಿಚಾರಿಸಿದರೆ ಯಾವ ಶೆಲ್ಟರ್ ಯಾರು ನಡೆಸುತ್ತಾರೆ ಅಂತ ಹೇಳುತ್ತಾರೆ.

ಇನ್ನೊಂದು ಥರದ ಜಾಗ ಇದೆ. ಮನೆಯಲ್ಲಿ ಹಿಂಸೆ ತಡೆಯಲಾರದೆ ಮಕ್ಕಳನ್ನು ಕರೆದುಕೊಂಡು ಹೊರಬಂದ ಹೆಂಗಸರಿಗಾಗಿ ಇರುವ ಶಕ್ತಿ ಸದನ, ಮೊದಲು ಸ್ವಾಧಾರ ಗೃಹ ಅನ್ನುತ್ತಿದ್ದರು. ಅಲ್ಲಿಗೆ ನೇರವಾಗಿ ಹೋಗಿ ಬಾಗಿಲು ತಟ್ಟಬೇಡಿ. ಅಲ್ಲಿ ಯಾರಿದ್ದಾರೆ ಅನ್ನೋದು ಹೊರಗೆ ಗೊತ್ತಾದರೆ ಆ ತಾಯಿ ಮಕ್ಕಳಿಗೆ ಅಪಾಯ. ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಜಿಲ್ಲಾ ಕಚೇರಿ ಮೂಲಕವೇ ಹೋಗಬೇಕು. ಮೊದಲ ಸಲ ಹೋಗುವವರಿಗೆ ಕುಟುಂಬಗಳ ಶೆಲ್ಟರ್ ಒಳ್ಳೆಯದು.

ಕಾಲೇಜಿನಿಂದ ಅಥವಾ ಎನ್‌ಎಸ್‌ಎಸ್ ಅಧಿಕಾರಿಯಿಂದ ಪತ್ರ, ಐಡಿ ಕಾರ್ಡ್, ಫೋಟೊ ಇಟ್ಟುಕೊಳ್ಳಿ. ಪೊಲೀಸ್ ವೆರಿಫಿಕೇಶನ್ ಕೇಳಿದರೆ ಬೇಜಾರು ಮಾಡಿಕೊಳ್ಳಬೇಡಿ, ಸರ್ಕಾರದ ಸೇವಾ ಸಿಂಧು ವೆಬ್‌ಸೈಟಿನಲ್ಲಿ ಅರ್ಜಿ ಹಾಕಬಹುದು. ಕೇಳುವ ಸಂಸ್ಥೆಯೇ ಒಳ್ಳೆಯ ಸಂಸ್ಥೆ. ‘ಯಾರು ಬೇಕಾದ್ರೂ, ಯಾವಾಗ ಬೇಕಾದ್ರೂ ಬನ್ನಿ’ ಅಂದರೆ ನಾನಂತೂ ಎರಡು ಸಲ ಯೋಚನೆ ಮಾಡುತ್ತೇನೆ. ಮಕ್ಕಳ ರಕ್ಷಣಾ ನೀತಿ ಇದೆಯಾ ಅಂತ ನೀವೂ ಕೇಳಿ, ಇದ್ದರೆ ಓದಿ ಸಹಿ ಹಾಕಿ. ಮಕ್ಕಳ ಜೊತೆ ಕೂರುವ ಜಾಗ ಕೇರ್‌ಟೇಕರ್ ಕಣ್ಣಿಗೆ ಕಾಣುವ ಹಾಗಿರಲಿ. ಒಂಟಿ ಮಗುವಿನ ಜೊತೆ ಬಾಗಿಲು ಹಾಕಿದ ಕೋಣೆಯಲ್ಲಿ ಯಾವತ್ತೂ ಇರಬೇಡಿ. ಇದು ಮಗುವಿಗೂ ರಕ್ಷಣೆ, ನಿಮಗೂ ರಕ್ಷಣೆ.

3. ಮೊದಲ ದಿನ ಸುಮ್ನೆ ಕೂತು ಬನ್ನಿ

ಪಾಠ, ಆಟ ಏನೂ ಬೇಡ. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಿ, ತಾಯಂದಿರ ಜೊತೆ ಮಾತಾಡಿ. ನಾನು ಹೋಗುತ್ತಿದ್ದ ಕಡೆ ಯಾದಗಿರಿ, ರಾಯಚೂರು ಕಡೆಯವರು ಜಾಸ್ತಿ. ಮಾರ್ಕೆಟ್‌ನಲ್ಲಿ ಹೂ ಕಟ್ಟುವವರು, ಕಲ್ಯಾಣ ಮಂಟಪದಲ್ಲಿ ಪಾತ್ರೆ ತೊಳೆಯುವವರು, ಗಾರೆ ಕೆಲಸದವರು. ಅವರ ಮಕ್ಕಳಿಗೆ ನೀವು ಏನು ಹೇಳಿಕೊಡುತ್ತೀರಿ ಅಂತ ತಿಳಿಯುವ ಹಕ್ಕು ಮೊದಲು ಅವರಿಗೆ. ‘ವಾರಕ್ಕೊಂದು ದಿನ ಬರ್ತೀನಿ, ಓದಿಸ್ತೀನಿ, ಆಡಿಸ್ತೀನಿ, ಆಗಬಹುದಾ?’ ಅಂತ ನಾನು ಕೇಳಿದ್ದಕ್ಕೆ ಒಬ್ಬ ತಾಯಿ ‘ಕಲಸು ಯವ್ವಾ, ಆದ್ರ ಹೊಡಿಬ್ಯಾಡ’ ಅಂದರು. ಅವರ ಮಗ ಶಾಲೆ ಬಿಟ್ಟಿದ್ದೇ ಏಟಿಗೆ ಹೆದರಿ ಅಂತ ಆಮೇಲೆ ಗೊತ್ತಾಯಿತು.

ಕೇರ್‌ಟೇಕರ್ ಹತ್ತಿರ ಎರಡು ಟೈಮ್ ಕೇಳಿಕೊಳ್ಳಿ, ಊಟ ಎಷ್ಟು ಹೊತ್ತಿಗೆ ಮತ್ತು ನೀರು ಎಷ್ಟು ಹೊತ್ತಿಗೆ. ನೀರು ಬಿಡುವ ಹೊತ್ತಿಗೆ ನೀವು ಕಥೆ ಶುರು ಮಾಡಿದರೆ ದೊಡ್ಡ ಮಕ್ಕಳೆಲ್ಲ ಬಕೆಟ್ ಹಿಡಿದು ಎದ್ದು ಹೋಗುತ್ತಾರೆ, ಹೋಗಲೇಬೇಕು ಕೂಡ. ಹೂವಿನ ಮಾರ್ಕೆಟ್‌ಗೆ ಹೋಗುವ ತಾಯಂದಿರು ಬೆಳಗಿನ ಜಾವ ಮೂರೂವರೆಗೆ ಏಳುತ್ತಾರೆ. ಅವರು ಸಂಜೆ ಮಲಗಿದ್ದರೆ ನಿಮ್ಮ ದನಿ ತಗ್ಗಲಿ.

ಜಾಗ ಹೇಗಿದೆ ಅನ್ನೋದನ್ನೂ ನೋಡಿ. ಶೆಲ್ಟರ್‌ನಲ್ಲಿ ಒಬ್ಬರಿಗೆ ಕನಿಷ್ಠ 50 ಚದರ ಅಡಿ ಇರಬೇಕು ಅಂತ ಕೇಂದ್ರದ ನಲ್ಮ್ (ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನ) ಯೋಜನೆಯ ಮಾರ್ಗಸೂಚಿ ಹೇಳಿದೆ. ಅಷ್ಟು ಸಿಕ್ಕರೂ ಒಂದು ಚಾಪೆ, ಒಂದು ಬ್ಯಾಗು, ಒಂದು ಬಕೆಟ್ ಇಟ್ಟರೆ ಮುಗಿಯಿತು. ಆ ಬ್ಯಾಗಿನಲ್ಲಿ ಮಗುವಿನ ಎಲ್ಲ ಆಸ್ತಿ ಇರುತ್ತದೆ. ಯಾರಾದರೂ ಮುಟ್ಟಿದರೆ ಅದು ಜಗಳಕ್ಕೆ ಬರುವುದು ಸಹಜ ಅಲ್ವಾ? ‘ಹಂಚಿಕೊಳ್ಳೋದು ಕಲಿ’ ಅಂತ ಬುದ್ಧಿ ಹೇಳಲು ಹೋಗಬೇಡಿ.

4. ಚೀಲದಲ್ಲಿ ಏನಿರಲಿ

ದುಬಾರಿ ಸಾಮಾನು ಏನೂ ಬೇಡ. ಹಳೇ ಕ್ಯಾಲೆಂಡರ್ ಹಾಳೆಗಳು, ಅವುಗಳ ಹಿಂಭಾಗ ಚಿತ್ರ ಬರೆಯಲು ಗಟ್ಟಿಯಾಗಿರುತ್ತದೆ. ಕ್ರೇಯಾನ್, ಸೀಮೆಸುಣ್ಣ, ಮೊಂಡು ತುದಿಯ ಕತ್ತರಿ ಎರಡು, ಒಂದು ಹಿಡಿ ಹುಣಸೆ ಬೀಜ, ನಾಲ್ಕೈದು ಕವಡೆ. ಮುದ್ರಿಸಿದ ಕಥೆಗಳು ಬೇಕಿದ್ದರೆ ಸ್ಟೋರಿವೀವರ್ ಅನ್ನುವ ವೆಬ್‌ಸೈಟಿನಲ್ಲಿ ಕನ್ನಡದ ಮಕ್ಕಳ ಕಥೆಗಳು ಉಚಿತವಾಗಿ ಸಿಗುತ್ತವೆ, ಓದುವ ಹಂತದ ಪ್ರಕಾರ ಬೇರೆ ಬೇರೆ ಇಟ್ಟಿದ್ದಾರೆ. ತೆಲುಗು, ಹಿಂದಿ ಮಾತಾಡುವ ಮಕ್ಕಳಿದ್ದರೆ ಅದೇ ಕಥೆ ಆ ಭಾಷೆಯಲ್ಲೂ ಸಿಗಬಹುದು.

ಕೆಂಪು ಕ್ರೇಯಾನ್‌ಗೇ ಜಗಳ ಜಾಸ್ತಿ. ನಾನು ಎಲ್ಲ ಬಣ್ಣವನ್ನೂ ಮನೆಯಲ್ಲೇ ಎರಡು ತುಂಡು ಮಾಡಿ ತರುತ್ತಿದ್ದೆ. ಸೀಮೆಸುಣ್ಣದಲ್ಲಿ ನೆಲದ ಮೇಲೆ ಎರಡು ಸಾಲು, ಸಾಲಿಗೆ ಏಳು ಗುಳಿ ಬರೆದರೆ ಅಳಿಗುಳಿಮಣೆ ಸಿದ್ಧ. ಕೂಡುವುದು, ಕಳೆಯುವುದು ಕಲಿಸಲು ಅದಕ್ಕಿಂತ ಒಳ್ಳೆಯದನ್ನು ನಾನು ಕಂಡಿಲ್ಲ. ಒಂದು ಎಚ್ಚರ: ಮೂರು ವರ್ಷದೊಳಗಿನ ಮಕ್ಕಳು ಬೀಜ ಬಾಯಿಗೆ ಹಾಕಿಕೊಳ್ಳುತ್ತವೆ. ಎಣಿಸಿ ಕೊಡಿ, ಎಣಿಸಿ ವಾಪಸ್ ತಗೊಳ್ಳಿ.

5. ಆ ಒಂದೂವರೆ ಗಂಟೆ

ಮೊದಲು ಹಾಜರಿ. ಒಂದೊಂದೇ ಹೆಸರು, ಪೂರ್ತಿ, ನಿಧಾನವಾಗಿ ಕರೆಯಿರಿ. ಹಗಲೆಲ್ಲ ‘ಏ ಪುಟ್ಟ’, ‘ಲೇ ಹುಡುಗ’ ಅನ್ನಿಸಿಕೊಳ್ಳುವ ಮಗು ತನ್ನ ಹೆಸರು ಕೇಳಿ ನೆಟ್ಟಗೆ ಕೂರುತ್ತದೆ, ನೋಡಿ. ಆಮೇಲೆ ಹತ್ತು ನಿಮಿಷ ಮೈ ಕುಣಿಸುವ ಆಟ. ಜಾಗ ಸಾಲದ ಕಡೆ ಕೆರೆ-ದಡ ಒಳ್ಳೆಯದು. ಒಂದು ಗೀಟು ಎಳೆದರೆ ಸಾಕು, ದೊಡ್ಡವರು ಚಿಕ್ಕವರು ಎಲ್ಲರೂ ಆಡಬಹುದು. ತಪ್ಪಿದವರನ್ನು ಹೊರಗೆ ಕಳಿಸದೆ, ಮುಂದಿನ ಸಲ ‘ಕೆರೆ’, ‘ದಡ’ ಕೂಗುವ ಕೆಲಸ ಕೊಡಿ.

ನಂತರ ಓದು ಬರಹ. ನಾಲ್ಕು ವರ್ಷದಿಂದ ಹದಿಮೂರು ವರ್ಷದವರೆಗಿನ ಮಕ್ಕಳು ಒಟ್ಟಿಗೆ ಇರುತ್ತಾರೆ. ವಯಸ್ಸಿನ ಪ್ರಕಾರ ಕೂರಿಸಬೇಡಿ, ಬರುವುದರ ಪ್ರಕಾರ ಕೂರಿಸಿ. ನಮ್ಮ ಸರ್ಕಾರಿ ಶಾಲೆಗಳ ನಲಿ-ಕಲಿಯಲ್ಲೂ ಇದೇ ದಾರಿ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ ಪದ್ಧತಿ ಅದು. ಬೇರೆ ಬೇರೆ ತರಗತಿಯವರು ಒಂದೇ ಕೋಣೆಯಲ್ಲಿ ತಮ್ಮ ತಮ್ಮ ಮೆಟ್ಟಿಲಲ್ಲಿ ಕಲಿಯುತ್ತಾರೆ. ಹತ್ತಿರದ ಸರ್ಕಾರಿ ಶಾಲೆಗೆ ಹೋಗಿ ಒಂದು ಗಂಟೆ ನಲಿ-ಕಲಿ ತರಗತಿ ನೋಡಲು ಅನುಮತಿ ಕೇಳಿ. ಬಹಳ ಉಪಯೋಗ ಆಗುತ್ತೆ.

ಕಷ್ಟ ಬರುವುದು ದೊಡ್ಡ ಮಕ್ಕಳ ವಿಷಯದಲ್ಲಿ. ಹನ್ನೊಂದು ವರ್ಷದ ಒಬ್ಬ ಹುಡುಗನಿಗೆ ಅಕ್ಷರ ಬರುತ್ತಿರಲಿಲ್ಲ. ಆರು ವರ್ಷದವರ ಜೊತೆ ಕೂತು ‘ಅ ಆ’ ತಿದ್ದು ಅಂದರೆ ಕೂರುತ್ತಾನಾ? ಹೊರಗೆ ಓಡುತ್ತಿದ್ದ. ಆದರೆ ಬಸ್ಸುಗಳೆಲ್ಲ ಅವನಿಗೆ ಗೊತ್ತು. ಯಾವ ಬಸ್ಸು ಎಲ್ಲಿಗೆ ಹೋಗುತ್ತೆ ಅಂತ ದೂರದಿಂದಲೇ ಹೇಳುತ್ತಿದ್ದ. ಒಂದು ದಿನ ನೆಲದ ಮೇಲೆ ‘ಜಯನಗರ’ ಅಂತ ಬರೆದೆ. ಬೋರ್ಡ್ ನೋಡಿ ಅಭ್ಯಾಸ ಇದ್ದವನು ತಟ್ಟನೆ ಹೇಳಿದ. ಕೆಳಗೆ ‘ವಿಜಯನಗರ’, ಅದರ ಕೆಳಗೆ ‘ಶಿವಾಜಿನಗರ’. ಅದನ್ನೂ ಹೇಳಿದ. ಮೂರರಲ್ಲೂ ಒಂದೇ ಥರ ಇರುವುದು ಯಾವುದು ಅಂದೆ. ಸ್ವಲ್ಪ ಹೊತ್ತು ನೋಡಿ, ಬೆರಳಿಟ್ಟು ‘ನಗರ’ವನ್ನು ಮೂರು ಸಲ ಮುಚ್ಚಿದ. ‘ಜಯ’ಕ್ಕೆ ‘ವಿ’ ಸೇರಿದರೆ ‘ವಿಜಯ’ ಅನ್ನೋದನ್ನು ಅವನೇ ಕಂಡುಹಿಡಿದ. ಆ ಸಂಜೆ ಅವನಿಗೆ ಏಳು ಅಕ್ಷರ ಬಂತು. ಮುಂದಿನ ವಾರ ‘ರಾಜಾಜಿನಗರ’, ಆಮೇಲೆ ‘ಬಸವನಗುಡಿ’. ಮಗುವಿಗೆ ಏನು ಬರುವುದಿಲ್ಲ ಅಂತ ಹುಡುಕುವ ಮೊದಲು ಏನು ಬರುತ್ತೆ ಅಂತ ಹುಡುಕಿ. ಚಿಲ್ಲರೆ ಲೆಕ್ಕ, ಹೂವಿನ ಮಾರು, ಬಸ್ಸಿನ ಬೋರ್ಡು, ಏನಾದರೂ ಇದ್ದೇ ಇರುತ್ತೆ.

ತಮ್ಮನನ್ನು ಸೊಂಟದ ಮೇಲೆ ಎತ್ತಿಕೊಂಡೇ ಬರುವ ಹುಡುಗಿಯರು ಇರುತ್ತಾರೆ. ‘ಪಾಪುನ ಬಿಟ್ಟು ಬಾ’ ಅನ್ನಬೇಡಿ, ಬಿಡಲು ಯಾರೂ ಇರುವುದಿಲ್ಲ. ಪಕ್ಕದಲ್ಲೇ ಒಂದು ಚಾಪೆ ಹಾಕಿ, ಸ್ಟೀಲ್ ತಟ್ಟೆ, ದೊಡ್ಡ ಚಮಚ ಕೊಡಿ. ಸದ್ದು ಆಗುತ್ತೆ, ಆಗಲಿ. ಅವಳ ಎರಡು ಕೈ ಅರ್ಧ ಗಂಟೆ ಖಾಲಿಯಾದರೆ ಸಾಕು.

ಕೊನೆಗೆ ಕಥೆ. ಅದೇ ಜಾಗ, ಅದೇ ಕ್ರಮ, ಪ್ರತಿ ವಾರ. ಹೊಸದು ತರಬೇಕು ಅಂತ ಒದ್ದಾಡಬೇಡಿ, ಮುಂದೇನು ಅಂತ ಮೊದಲೇ ಗೊತ್ತಿರುವುದೇ ಈ ಮಕ್ಕಳಿಗೆ ನೆಮ್ಮದಿ.

6. ಕೇಳಬಾರದ ಪ್ರಶ್ನೆಗಳು

‘ಅಪ್ಪ ಎಲ್ಲಿದ್ದಾರೆ?’, ‘ಇಲ್ಲಿಗೆ ಯಾಕೆ ಬಂದ್ರಿ?’, ‘ನಿಮ್ಮ ಮನೆ ಎಲ್ಲಿ?’ ಇವು ಯಾವುವೂ ಬೇಡ. ಮಗು ತಾನಾಗಿ ಹೇಳಿದರೆ ಕೇಳಿಸಿಕೊಳ್ಳಿ, ಕೆದಕಬೇಡಿ. ‘ನನ್ನ ಮನೆ’ ಅಂತ ಚಿತ್ರ ಬರೆಸುವುದೂ ಬೇಡ. ನಾನು ಒಮ್ಮೆ ಬರೆಸಿದೆ. ಒಬ್ಬ ಹುಡುಗ ತುಂಬ ಹೊತ್ತು ಸುಮ್ಮನೆ ಕೂತು, ಹಾಳೆ ಮಡಚಿ ವಾಪಸ್ ಕೊಟ್ಟ. ಮುಂದಿನ ವಾರ ‘ನಿನಗೆ ಇಷ್ಟವಾದ ಜಾಗ’ ಅಂದೆ. ಅಜ್ಜಿ ಊರಿನ ಬೇವಿನ ಮರ ಬರೆದ, ಅದರ ಕೆಳಗೆ ಎರಡು ಮೇಕೆ.

ಮಾತು ಕೊಡುವಾಗ ಜೋಪಾನ. ‘ಒಂದಿನ ನಮ್ಮನೆಗೆ ಕರ್ಕೊಂಡು ಹೋಗ್ತೀನಿ’ ಅಂತ ಪ್ರೀತಿಯಿಂದ ಬಾಯಿಗೆ ಬಂದುಬಿಡುತ್ತದೆ. ಅವರು ದಿನ ಎಣಿಸುತ್ತಾರೆ.

7. ಫೋಟೊ, ತಿಂಡಿ, ದುಡ್ಡು

ಮಕ್ಕಳ ಮುಖ ಕಾಣುವ ಫೋಟೊ ತೆಗೆಯಬೇಡಿ, ಸ್ಟೇಟಸ್‌ಗೂ ಹಾಕಬೇಡಿ. ಮನೆ, ನೆಲೆ, ಬದುಕಲು ದಾರಿ ಇಲ್ಲದ ಮಗುವನ್ನು 2015ರ ಬಾಲನ್ಯಾಯ ಕಾಯ್ದೆ ಆರೈಕೆ ಮತ್ತು ರಕ್ಷಣೆ ಬೇಕಾದ ಮಗು ಅಂತ ನೋಡುತ್ತದೆ. ಅಂಥ ಮಗುವಿನ ಗುರುತು ಬಯಲು ಮಾಡುವುದನ್ನು ಅದರ 74ನೇ ಸೆಕ್ಷನ್ ತಡೆಯುತ್ತದೆ. ಕಾಲೇಜು ರಿಪೋರ್ಟ್‌ಗೆ ಫೋಟೊ ಬೇಕೇ ಬೇಕು ಅಂದರೆ ಮಕ್ಕಳು ಬರೆದ ಚಿತ್ರದ ಫೋಟೊ ಕೊಡಿ.

ತಿಂಡಿ ತಂದರೆ ಎಲ್ಲರಿಗೂ ಆಗುವಷ್ಟು ತನ್ನಿ, ಮ್ಯಾನೇಜರ್‌ಗೆ ಹೇಳಿ ಕೊಡಿ. ಹಳೇ ಬಟ್ಟೆ ಬೇಕಾ ಅಂತ ಮೊದಲು ವಿಚಾರಿಸಿ, ಇಡಲು ಜಾಗ ಇರುವುದಿಲ್ಲ. ಯಾವುದಾದರೂ ತಾಯಿ ದುಡ್ಡು ಕೇಳಿದರೆ ನೀವೇ ಕೊಡದೆ ಮ್ಯಾನೇಜರ್‌ಗೆ ತಿಳಿಸಿ. ಕಲ್ಲುಮನಸ್ಸು ಅಂತಲ್ಲ. ಒಬ್ಬರಿಗೆ ಕೊಟ್ಟು ಇನ್ನೊಬ್ಬರಿಗೆ ಇಲ್ಲ ಅಂದರೆ ನೀವು ಹೋದಮೇಲೆ ಜಗಳ ಅವರ ಮಧ್ಯೆ ಉಳಿಯುತ್ತದೆ.

8. ಮಗು ಭಯದ ವಿಷಯ ಹೇಳಿದರೆ

ಯಾರೋ ಹೊಡೆಯುತ್ತಾರೆ, ಕೆಟ್ಟದಾಗಿ ಮುಟ್ಟುತ್ತಾರೆ ಅಂತ ಮಗು ಹೇಳಬಹುದು. ಆಗ ಗಾಬರಿ ಮುಖದಲ್ಲಿ ತೋರಿಸಬೇಡಿ. ‘ಹೇಳಿದ್ದು ಒಳ್ಳೇದಾಯ್ತು, ನಿನ್ನದೇನೂ ತಪ್ಪಿಲ್ಲ’ ಅನ್ನಿ. ‘ಯಾರಿಗೂ ಹೇಳಲ್ಲ’ ಅಂತ ಮಾತ್ರ ಮಾತು ಕೊಡಬೇಡಿ, ಹೇಳಲೇಬೇಕಾಗುತ್ತದೆ. ಮತ್ತೆ ಮತ್ತೆ ಪ್ರಶ್ನೆ ಕೇಳಬೇಡಿ. ಮಗು ಹೇಳಿದ ಮಾತನ್ನು ಅದರದೇ ಶಬ್ದದಲ್ಲಿ ಬರೆದಿಟ್ಟುಕೊಂಡು ಅವತ್ತೇ ಮ್ಯಾನೇಜರ್‌ಗೆ ತಿಳಿಸಿ. 1098 ಮಕ್ಕಳ ಸಹಾಯವಾಣಿ, ದಿನದ 24 ಗಂಟೆಯೂ ಉಚಿತ. ತಕ್ಷಣದ ಅಪಾಯ ಇದ್ದರೆ 112. ಲೈಂಗಿಕ ದೌರ್ಜನ್ಯದ ವಿಷಯ ಆದರೆ 2012ರ ಪೋಕ್ಸೋ ಕಾಯ್ದೆ ಪ್ರಕಾರ ಗೊತ್ತಾದ ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕು. ಮ್ಯಾನೇಜರ್ ‘ನೋಡೋಣ ಬಿಡಿ’ ಅಂದರೂ, ಆರೋಪ ಅವರ ಮೇಲೆಯೇ ಇದ್ದರೂ, ನೀವೇ ಫೋನ್ ಮಾಡಿ.

9. ಶಾಲೆಗೆ ಸೇರಿಸಲು ಜೊತೆಗೆ ಹೋಗಿ

ನಿಮ್ಮ ಶನಿವಾರದ ಪಾಠಕ್ಕಿಂತ ದೊಡ್ಡ ಸಹಾಯ ಇದು. ‘ಟಿಸಿ ಇಲ್ಲ, ಆಧಾರ್ ಇಲ್ಲ, ಅರ್ಧ ವರ್ಷ ಆಗೋಯ್ತು, ಯಾರು ತಗೋತಾರೆ?’ ಅಂತ ತಾಯಂದಿರು ಸುಮ್ಮನಾಗಿರುತ್ತಾರೆ. 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ 6ರಿಂದ 14 ವರ್ಷದ ಮಗುವಿಗೆ ಟಿಸಿ ಬರುವುದು ತಡವಾಯಿತು ಅಂತಲೋ, ವಯಸ್ಸಿನ ದಾಖಲೆ ಇಲ್ಲ ಅಂತಲೋ ಪ್ರವೇಶ ಇಲ್ಲ ಅನ್ನುವಂತಿಲ್ಲ. ವರ್ಷದ ನಡುವೆ ಬಂದರೂ ಸೇರಿಸಿಕೊಳ್ಳಬೇಕು. ಓದದೆ ಉಳಿದ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿ, ವಿಶೇಷ ತರಬೇತಿ ಕೊಡಬೇಕು. ಅಂದರೆ ಹನ್ನೊಂದು ವರ್ಷದವನನ್ನು ಒಂದನೇ ಕ್ಲಾಸಿನಲ್ಲಿ ಕೂರಿಸುವ ಹಾಗಿಲ್ಲ.

ವಾರದ ದಿನ ಒಂದು ಬೆಳಿಗ್ಗೆ ಬಿಡುವು ಮಾಡಿಕೊಂಡು, ಮ್ಯಾನೇಜರ್‌ಗೆ ಹೇಳಿ, ತಾಯಿ ಮತ್ತು ಮಗುವಿನ ಜೊತೆ ಹತ್ತಿರದ ಸರ್ಕಾರಿ ಶಾಲೆಗೆ ಹೋಗಿ. ಮಾತು ತಾಯಿ ಆಡಲಿ, ನೀವು ಪಕ್ಕದಲ್ಲಿ ಇರಿ. ಅರ್ಜಿ ತುಂಬಲು ಸಹಾಯ ಮಾಡಿ. ಶಾಲೆಯವರು ಹಿಂದೆ ಮುಂದೆ ನೋಡಿದರೆ ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಅಥವಾ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಹೋಗಬಹುದು. ಬಿಸಿಯೂಟ ಸಿಗುತ್ತೆ ಅನ್ನೋದನ್ನೂ ತಾಯಿಗೆ ಹೇಳಿ. ಮಧ್ಯಾಹ್ನ ಮಗು ಏನು ತಿಂದಿತೋ ಅನ್ನುವ ಚಿಂತೆ ಅವರಿಗೆ ದೊಡ್ಡದು. ಆರು ತುಂಬದವರಿಗೆ ಅಂಗನವಾಡಿ ಇದೆ.

ಮಗು ಮೊದಲು ಊರಲ್ಲಿ ಓದಿದ್ದರೆ ಅದರ ಸ್ಯಾಟ್ಸ್ ನಂಬರ್ (ರಾಜ್ಯದ ಶಾಲಾ ದಾಖಲೆಯಲ್ಲಿ ಪ್ರತಿ ಮಗುವಿಗೂ ಕೊಡುವ ನಂಬರ್) ಇರುತ್ತದೆ. ಹಳೇ ಶಾಲೆಗೆ ಫೋನ್ ಮಾಡಿ ಅದನ್ನು ಕೇಳಿ ತಗೊಳ್ಳಿ. ಒಂದು ಗಟ್ಟಿ ಕಾರ್ಡಿನ ಮೇಲೆ ದೊಡ್ಡದಾಗಿ ಬರೆದು, ಪ್ಲಾಸ್ಟಿಕ್ ಕವರ್ ಹಾಕಿ ತಾಯಿ ಕೈಗೆ ಕೊಡಿ. ಈ ಕುಟುಂಬಗಳು ಸುಗ್ಗಿಗೆ, ಜಾತ್ರೆಗೆ ಊರಿಗೆ ಹೋಗುತ್ತವೆ, ಕೆಲಸ ಸಿಕ್ಕ ಕಡೆ ಹೋಗುತ್ತವೆ. ನೀವು ಮುಂದಿನ ಶನಿವಾರ ಬರುವಷ್ಟರಲ್ಲಿ ಒಂದು ಚಾಪೆ ಖಾಲಿ ಆಗಿರಬಹುದು. ಹೋದ ಊರಲ್ಲಿ ಆ ನಂಬರ್ ಕೆಲಸಕ್ಕೆ ಬರುತ್ತದೆ.

10. ಬಿಡುವ ಮುಂಚೆ

ಕೊನೆಯ ದಿನ ಬಂದು ‘ಇನ್ನು ಬರಲ್ಲ’ ಅನ್ನಬೇಡಿ. ನಾಲ್ಕು ವಾರ ಮುಂಚೆ ಹೇಳಿ, ಕಾರಣವನ್ನೂ ಹೇಳಿ. ‘ನಂಗೆ ಕೆಲಸ ಸಿಕ್ಕಿದೆ, ಬೇರೆ ಊರು. ಇನ್ನು ನಾಲ್ಕು ಶನಿವಾರ ಬರ್ತೀನಿ.’ ಹಾಜರಿ ಪುಸ್ತಕದಲ್ಲಿ ಆ ನಾಲ್ಕು ಚೌಕ ಎಳೆದು ತೋರಿಸಿ. ಆಗಾಗ ಬಂದು ನೋಡ್ತೀನಿ ಅಂತ ಸಮಾಧಾನಕ್ಕೆ ಹೇಳಬೇಡಿ. ಆದಷ್ಟು ನಿಮ್ಮ ಜಾಗಕ್ಕೆ ಇನ್ನೊಬ್ಬರನ್ನು ಹುಡುಕಿ, ಕಡೆಯ ಎರಡು ವಾರ ಜೊತೆಗೇ ಕರೆದುಕೊಂಡು ಹೋಗಿ. ಪ್ರತಿ ಮಗು ಎಲ್ಲಿಯವರೆಗೆ ಕಲಿತಿದೆ ಅಂತ ಎರಡೆರಡು ಸಾಲು ಬರೆದು ಅವರಿಗೆ ಕೊಡಿ. ಮಕ್ಕಳ ಮನೆಯ ಕಥೆ ಅದರಲ್ಲಿ ಬೇಡ.

ನನ್ನ ಕಡೆಯ ಶನಿವಾರ ಏಳು ಗಂಟೆಗೆ ಹೊರಟರೆ ಒಂದು ಚಪ್ಪಲಿ ಇರಲಿಲ್ಲ. ಕಾಲು ಗಂಟೆ ಎಲ್ಲರೂ ಹುಡುಕಿದರು. ಬಸ್ಸಿನ ಬೋರ್ಡು ಓದುತ್ತಿದ್ದ ಹುಡುಗ ಮಾತ್ರ ಹುಡುಕಲಿಲ್ಲ. ನಾನು ಮತ್ತೆ ಚಾಪೆ ಮೇಲೆ ಕೂತೆ. ಸ್ವಲ್ಪ ಹೊತ್ತಾದ ಮೇಲೆ ಅವನೇ ಬಕೆಟ್ ಹಿಂದಿನಿಂದ ಚಪ್ಪಲಿ ತಂದು ನನ್ನ ಕಾಲ ಹತ್ತಿರ ಇಟ್ಟ. ಅಷ್ಟರಲ್ಲಿ, ಮೊದಲು ಪಟ್ಟಿಯಲ್ಲಿ ನನ್ನ ಹೆಸರು ಬರೆದಿದ್ದ ಹುಡುಗಿ ಬೀರುವಿನಿಂದ ಹಾಜರಿ ಪುಸ್ತಕ ತೆಗೆದು, ನನ್ನ ಜೊತೆ ಬಂದಿದ್ದ ಜೂನಿಯರ್ ಮುಂದೆ ಕೂತು, ಪೆನ್ಸಿಲ್ ಚೂಪು ಮಾಡಿಕೊಂಡು ಕೇಳಿದಳು: ‘ಅಣ್ಣ, ನಿನ್ನ ಹೆಸರು ಏನು? ದೀರ್ಘ ಐತೇನು?’